ಅನುಮಾನ ಬಂದ ದಿನ ಭಟ್ಟರು ಪೂಜೆ ಮಾಡಬಹುದೇ?

"ದೇವರಿದ್ದಾನೋ ಇಲ್ಲವೋ ಎಂದು ಒಳಗೇ ಅನುಮಾನ ಹುಟ್ಟಿದ ಮೇಲೂ ಗರ್ಭಗುಡಿಗೆ ಹೋಗುವುದು ಮೋಸವಲ್ಲವೇ?" ಶಿರಸಿ, ಗೋಕರ್ಣದ ಕಡೆ ಹೊಸದಾಗಿ ಪೌರೋಹಿತ್ಯಕ್ಕಿಳಿದ ಹುಡುಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ಅನುಮಾನ ಬಂತೆಂದು ಪೂಜೆ ಬಿಡಬೇಡಿ. ಹೆದರಬೇಕಾದದ್ದು ಆಸೆಗೆ.

ಋಗ್ವೇದದ 10ನೇ ಮಂಡಲದ 121ನೇ ಸೂಕ್ತ ತೆಗೆದು ನೋಡಿ. 'ಕಸ್ಮೈ ದೇವಾಯ ಹವಿಷಾ ವಿಧೇಮ', ಯಾವ ದೇವರಿಗೆ ಹವಿಸ್ಸು ಕೊಡೋಣ ಎಂದು 9 ಋಕ್ಕುಗಳಲ್ಲೂ ಕೇಳಿ, ಪ್ರಜಾಪತಿಯ ಹೆಸರು ಹೇಳುವುದು 10ನೆಯದರಲ್ಲಿ. ದಿನವೂ ಪೂಜೆಯ ಕೊನೆಗೆ ಹೇಳುವ 'ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ' ಎಂಬುದಾದರೂ ಏನು? ಭಕ್ತಿ ಸಾಲಲಿಲ್ಲ ಎಂದು ಒಪ್ಪಿಕೊಳ್ಳಲು ಹಿರಿಯರು ಮೊದಲೇ ಜಾಗ ಬಿಟ್ಟಿದ್ದಾರೆ. ಗಡಿಬಿಡಿಯಲ್ಲಿ ನಾವು ಅರ್ಧ ನುಂಗುವ ಸಾಲೂ ಅದೇ. ಅಂಥ ದಿನ ಅದನ್ನು ಬಿಡಿಸಿ, ನಿಧಾನವಾಗಿ ಹೇಳಿ.

ಮನಸ್ಸು ನಿಲ್ಲದಿದ್ದರೆ ಕೈಗೆ ಕೆಲಸ ಕೊಡಿ. ಆಚಮನಕ್ಕೆ ಉದ್ದಿನ ಕಾಳು ಮುಳುಗುವಷ್ಟೇ ನೀರು. ಅಷ್ಟನ್ನೇ ಅಂಗೈಯಲ್ಲಿ ಹಿಡಿಯಲು ನೋಡಿ, ಗಮನ ತಾನಾಗಿ ಅಲ್ಲಿಗೆ ಬರುತ್ತದೆ. ಶಿವನಿಗೆ ರುದ್ರಮಂತ್ರ ಹೇಳುವ ಏಕಾದಶ ರುದ್ರದಲ್ಲಿ ನಮಕವೆಂಬ ಭಾಗ 11 ಸಲ, ಪ್ರತಿ ಸಲದ ಕೊನೆಗೆ ಚಮಕವೆಂಬ ಭಾಗದ ಒಂದೊಂದು ಅನುವಾಕ, ಅಂದರೆ ಖಂಡ. ತಪ್ಪುವುದು ಹೆಚ್ಚಾಗಿ ನಡುವೆ: 'ನಮೋ ನಮಃ' ಎಂದು ಒಂದೇ ಓಟದಲ್ಲಿ ಬರುವ ಕಡೆ ನಾಲಿಗೆ ತಾನೇ ಓಡುತ್ತದೆ, ಮನಸ್ಸು ತೋಟಕ್ಕೋ ಸಾಲಕ್ಕೋ ಹೋಗುತ್ತದೆ. ಆಮೇಲೆ ಈಗ ಹೇಳಬೇಕಾದದ್ದು ಚಮಕದ ಐದನೆಯದೋ ಆರನೆಯದೋ ಗೊತ್ತಾಗುವುದಿಲ್ಲ. 11 ಅಡಿಕೆ ಎಡಕ್ಕಿಟ್ಟುಕೊಂಡು ಆವರ್ತನೆಗೊಂದರಂತೆ ಬಲಕ್ಕೆ ಸರಿಸಿ. ಲೆಕ್ಕ ತಪ್ಪಿತೆನಿಸಿದರೆ ಖಾತ್ರಿಯಿದ್ದಲ್ಲಿಂದ ಮತ್ತೆ ಹೇಳಿ. ಹೆಚ್ಚಾದರೆ ನಷ್ಟವಿಲ್ಲ.

ಆಸೆಯ ಮಾತು ಬೇರೆ. ಅದು ಮೊದಲು ಕಾಣುವುದು ಸಂಕಲ್ಪದಲ್ಲಿ, ಅಂದರೆ ಪೂಜೆ ಯಾವಾಗ, ಯಾರಿಗಾಗಿ ಎಂದು ಹೇಳುವಲ್ಲಿ. ಕಾರಿನಿಂದಿಳಿದವರಿಗೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ಗೋತ್ರ, ಮನೆಮಂದಿಯ ಹೆಸರು ಎಲ್ಲ ಬರುತ್ತದೆ. ಬಸ್ಸಿನಲ್ಲಿ ಬಂದ ಮುದುಕಿಗೆ ಗೋತ್ರವನ್ನೂ ಕೇಳದೆ ಹೂವು ಕೊಟ್ಟುಬಿಡುತ್ತೇವೆ. ಆಕೆ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಹುಡುಕುವಷ್ಟರಲ್ಲಿ ಮಂತ್ರ ಮುಗಿದಿರುತ್ತದೆ. ಇದನ್ನು ಯಾವ 'ಮಂತ್ರಹೀನಂ' ಕೂಡ ತೊಳೆಯಲಾರದು. ದಕ್ಷಿಣೆಯನ್ನು ಪೂಜೆ ಮುಗಿದ ಮೇಲೆಯೇ ಮುಟ್ಟಿ, ಮನೆಗೆ ಹೋಗಿ ಎಣಿಸಿ. ತಟ್ಟೆ ಕಣ್ಣೆದುರಿಗೆ ಬೇಡ, ಬೆನ್ನ ಹಿಂದಿರಲಿ.

ಅನುಮಾನ ತಿಂಗಳುಗಟ್ಟಲೆ ಹೋಗದಿದ್ದರೆ ಒಬ್ಬರೇ ನುಂಗಿಕೊಂಡು ಕೂರಬೇಡಿ. ಮಂತ್ರ ಹೇಳಿಕೊಟ್ಟವರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿ. ನಾಲ್ಕು ದಿನ ಪಾಳಿಯನ್ನು ತಮ್ಮನಿಗೋ ಭಾವನಿಗೋ ಬಿಟ್ಟುಕೊಟ್ಟರೆ ತಪ್ಪೇನಿಲ್ಲ. ದೇವರ ದೀಪ ಮಾತ್ರ ಹೊತ್ತಿಗೆ ಸರಿಯಾಗಿ ಹಚ್ಚಿರಬೇಕು.