ಟೂಲ್ ಗುದ್ದಿದ ಮೇಲೆ ಹುಡುಗ ಏನು ಕಲಿತ?

ನಮ್ಮ ಲೈನಿನ ಹಳಬರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ. "ಉಳಿ ಪೆಟ್ಟು ಬೀಳದೆ ಕಲ್ಲು ಮೂರ್ತಿ ಆಗಲ್ಲ. ಬಿಡ್ರೀ, ಎರಡು ಸಲ ಟೂಲ್ ಗುದ್ದಿಸಿದರೆ ತಾನಾಗೇ ಕಲೀತಾನೆ." ಪೀಣ್ಯದ ಕಡೆ ಒಂದು ಸಣ್ಣ ಸಿಎನ್‌ಸಿ ಟರ್ನಿಂಗ್ ಶಾಪ್‌ನಲ್ಲಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡೋ ಲೇತ್‌ಗಳ ವರ್ಕ್‌ಶಾಪ್‌ನಲ್ಲಿ, ಐಟಿಐ ಮುಗಿಸಿ ಬರುವ ಹುಡುಗರಿಗೆ ಕೆಲಸ ಕಲಿಸೋದು ನನ್ನ ಪಾಲಿಗೆ ಬಂದಿದೆ. ಈ ಮಾತಿನಲ್ಲಿ ಅರ್ಧ ನಿಜ ಇದೆ ಅಂತ ನಾನೂ ಒಪ್ಪುತ್ತೇನೆ. ಉಳಿದರ್ಧ ಮಷೀನಿಗೂ ದುಬಾರಿ, ಹುಡುಗನಿಗೂ ದುಬಾರಿ.

ಬೇರೆ ಶಾಪ್‌ನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ನಮ್ಮಲ್ಲಿಗೆ ಬಂದಿದ್ದ ಒಬ್ಬನ ಕಥೆ ಹೇಳುತ್ತೇನೆ. ಕೈ ಚುರುಕು, ತಲೆಯೂ ಚುರುಕು. ಪ್ರೋಗ್ರಾಂನಲ್ಲಿ ಒಂದು ಸಾಲು ತಿದ್ದಿದ: ಜಿ00 ಜೆಡ್2. ಜಿ00 ಅಂದರೆ ರಾಪಿಡ್, ಕಡಿಯದೆ ಪೂರ್ತಿ ವೇಗದಲ್ಲಿ ಸರಿಯೋದು. ಜಾಬ್‌ನ, ಅಂದರೆ ಕಡಿಯೋ ತುಂಡಿನ, ಮುಖದಿಂದ ಎರಡು ಮಿಲಿಮೀಟರ್ ಈಚೆಗೆ ಟೂಲ್ ಬಂದು ನಿಲ್ಲಲಿ ಅನ್ನೋದು ಅವನ ಲೆಕ್ಕ. ಆದರೆ ಎರಡು ಬರೆದಾದ ಮೇಲೆ ದಶಮಾಂಶದ ಚುಕ್ಕಿ ಇಟ್ಟಿರಲಿಲ್ಲ. ನಮ್ಮ ಮಷೀನ್ ಓಡಿಸೋ ಫ್ಯಾನುಕ್ ಕಂಪನಿಯ ಕಂಟ್ರೋಲರ್‌ನಲ್ಲಿ ಚುಕ್ಕಿ ಇಲ್ಲದ 2 ಅಂದರೆ ಎರಡು ಮೈಕ್ರಾನ್, 0.002 ಮಿಲಿಮೀಟರ್. ಮುಖದಲ್ಲಿ ಇನ್ನೂ ಒಂದು ಮಿಲಿಮೀಟರ್ ಮಾಲು ಕಡಿಯೋದು ಬಾಕಿ ಇತ್ತು. ಟೂಲ್ ರಾಪಿಡ್‌ನಲ್ಲಿ ಹೋಗಿ ನೇರ ಗುದ್ದಿತು. ಕಡಿಯೋ ತುದಿ, ಅಂದರೆ ಇನ್ಸರ್ಟ್, ಪುಡಿ; ಅದನ್ನು ಹಿಡಿಯೋ ಹೋಲ್ಡರ್ ಹಾಳು; ಟೂಲ್‌ಗಳನ್ನು ಕೂರಿಸೋ ಟರೆಟ್‌ನ ಅಲೈನ್‌ಮೆಂಟ್ ಹೋಯಿತು. ಅವನಿಗೆ ಎಲ್ಲರೆದುರು ಬೈಗುಳವೂ ಆಯಿತು.

ಹಳಬರ ಲೆಕ್ಕದಲ್ಲಿ ಈಗ ಅವನು ಕಲಿತಿರಬೇಕು ಅಲ್ವಾ? ಆಮೇಲೆ ಅವನು ಹೇಗೆ ಕೆಲಸ ಮಾಡುತ್ತಿದ್ದ ಅಂತ ನೋಡಿ. ರಾಪಿಡ್ ವೇಗವನ್ನು ತಗ್ಗಿಸೋ ಓವರ್‌ರೈಡ್ ಗುಂಡಿಯನ್ನು ಶೇಕಡಾ 25ರಿಂದ ಮೇಲೆ ಏರಿಸುತ್ತಲೇ ಇರಲಿಲ್ಲ, ತಿಂಗಳುಗಟ್ಟಲೆ ಚೆನ್ನಾಗಿ ಓಡಿದ ಪ್ರೋಗ್ರಾಂ ಆದರೂ ಅಷ್ಟೇ. ಸೈಕಲ್ ಸ್ಟಾರ್ಟ್ ಒತ್ತುವ ಮುಂಚೆ ಪಕ್ಕದ ಮಷೀನಿನವನನ್ನು ಕರೆಯುತ್ತಿದ್ದ, "ಅಣ್ಣಾ, ಒಂದ್ಸಲ ನೋಡಣ್ಣಾ." ಕಂಡಕಂಡಲ್ಲೆಲ್ಲ ಚುಕ್ಕಿ ಇಡೋಕೆ ಶುರು ಮಾಡಿದ. ಜಾಬ್ ತಿರುಗೋ ವೇಗಕ್ಕೆ, ಅಂದರೆ ಸ್ಪಿಂಡಲ್ ಸ್ಪೀಡ್‌ಗೆ, ಎಸ್1200 ಅಂತ ಇದ್ದದ್ದಕ್ಕೂ ಚುಕ್ಕಿ ಇಟ್ಟು ಅಲಾರಂ ಬರಿಸಿಕೊಂಡ, ಯಾಕಂದರೆ ಎಸ್‌ಗೆ ಚುಕ್ಕಿ ಹಾಕೋ ಹಾಗಿಲ್ಲ. ಯಾಕಪ್ಪಾ ಇಡ್ತೀಯಾ ಅಂದರೆ, "ಇಡದಿದ್ರೆ ಗುದ್ದುತ್ತೆ ಸರ್." ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಕೂರಿಸಿಕೊಂಡು ವಿಚಾರಿಸಿದಾಗ ವಿಷಯ ಹೊರಗೆ ಬಂತು. ಅವನ ಹಳೇ ಶಾಪ್‌ನ ಮಷೀನ್‌ನಲ್ಲಿ ಚುಕ್ಕಿ ಇಲ್ಲದ ಅಂಕಿಯನ್ನೂ ಮಿಲಿಮೀಟರ್ ಅಂತಲೇ ಓದಿಕೊಳ್ಳುವ ಹಾಗೆ ಸೆಟ್ ಮಾಡಿದ್ದರು. ಅದಕ್ಕೊಂದು ಪ್ಯಾರಾಮೀಟರ್ ಇದೆ, ಒಂದು ಬಿಟ್ ಬದಲಾಯಿಸಿದರೆ ಸಾಕು. ಅಂದರೆ ಹುಡುಗ ಮೈಮರೆತಿರಲಿಲ್ಲ, ಅಲ್ಲಿ ದಿನಾ ಸರಿಯಾಗಿ ನಡೆಯುತ್ತಿದ್ದದ್ದನ್ನೇ ಇಲ್ಲೂ ಮಾಡಿದ್ದ. ಒಡೆದ ಇನ್ಸರ್ಟ್ ನೋಡಿದರೆ ಇದು ಯಾರಿಗೆ ತಾನೇ ಗೊತ್ತಾಗುತ್ತೆ? ಗುದ್ದಿಸಿದ್ದರಿಂದ ಅವನಿಗೆ ಭಯ ಬಂತು. ಕಾರಣ ಸಿಕ್ಕಿರಲಿಲ್ಲ.

ಆಮೇಲೆ ಜಾಬ್ ಹಿಡಿಯೋ ಚಕ್ ಖಾಲಿ ಬಿಟ್ಟು, ಮಷೀನ್ ಲಾಕ್ ಹಾಕಿ, ಒಂದೊಂದೇ ಸಾಲು ಕೈಯಲ್ಲಿ ಕೊಡೋ ಎಂಡಿಐ ಮೋಡ್‌ನಲ್ಲಿ ಅವನ ಕೈಲೇ ಎಕ್ಸ್10 ಅಂತ ಟೈಪ್ ಮಾಡಿಸಿದೆ. ಲಾಕ್ ಇದ್ದಾಗ ಆಕ್ಸಿಸ್ ಅಲುಗಾಡಲ್ಲ, ಪೊಸಿಷನ್ ಪರದೆಯಲ್ಲಿ ಅಂಕಿ ಮಾತ್ರ ಬದಲಾಗುತ್ತದೆ. "ಒತ್ತೋಕೆ ಮುಂಚೆ ಹೇಳು, ಏನು ಬರುತ್ತೆ?" ಅಂದೆ. ಹತ್ತು ಅಂದ. ಬಂದದ್ದು 0.010. ಚುಕ್ಕಿ ಸೇರಿಸಿ ಮತ್ತೆ ಒತ್ತಿಸಿದಾಗ 10.000. ಪರದೆ ನೋಡಿ "ಓಹೋ" ಅಂದ. ಅದಾದ ಮೇಲೆ ಓವರ್‌ರೈಡ್ ತಾನಾಗೇ ನೂರಕ್ಕೆ ಹೋಯಿತು, ನಾನೇನೂ ಹೇಳಬೇಕಾಗಲಿಲ್ಲ. (ಇದನ್ನು ಮಾಡಿಸುವವರು ಲಾಕ್ ತೆಗೆದ ಮೇಲೆ ಮಷೀನನ್ನು ಮತ್ತೆ ಹೋಮ್ ಮಾಡಿಸಿ, ಅಂದರೆ ಅದರ ಮೂಲ ಜಾಗಕ್ಕೆ ಕಳಿಸಿ. ಇಲ್ಲದಿದ್ದರೆ ಪರದೆಯ ಲೆಕ್ಕ ಒಂದು, ಟೂಲ್ ಇರೋ ಜಾಗ ಇನ್ನೊಂದು ಆಗಿರುತ್ತೆ.)

ಅಲ್ಲೂ ಅವನು ತಪ್ಪು ಉತ್ತರವನ್ನೇ ಕೊಟ್ಟ, ಗಮನಿಸಿ. ಆದರೆ ಆ ತಪ್ಪಿಗೆ ಕಾಸು ಖರ್ಚಾಗಲಿಲ್ಲ, ಉತ್ತರ ಆ ಕ್ಷಣದಲ್ಲೇ ಕಣ್ಣೆದುರು ಬಂತು, ಅದಕ್ಕೂ ಮುಂಚೆ ಅವನೇ ಬಾಯಿಬಿಟ್ಟು ಒಂದು ಅಂದಾಜು ಹೇಳಿದ್ದ. ನನ್ನ ಪ್ರಕಾರ ತಪ್ಪಿನಿಂದ ಕಲಿಯೋದು ಅಂದರೆ ಇದೇ. ಬೈಗುಳದ ಜೊತೆ ಬರೋ ತಪ್ಪಿನಿಂದ ಕಲಿಯೋದು ಬೇರೆಯೇ ಏನೋ.

ಇದು ನನ್ನೊಬ್ಬನ ಅನಿಸಿಕೆ ಅಂತಲೂ ಅಲ್ಲ. 2019ರಲ್ಲಿ ಎಸ್ಕ್ರೀಸ್-ವಿಂಕ್ಲರ್ ಮತ್ತು ಫಿಶ್‌ಬ್ಯಾಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಪ್ರತಿ ಪ್ರಶ್ನೆಗೂ ಎರಡೇ ಉತ್ತರ. ಕೆಲವರಿಗೆ "ನೀವು ಹೇಳಿದ್ದು ಸರಿ" ಅಂದರು, ಕೆಲವರಿಗೆ "ತಪ್ಪು" ಅಂದರು. ಎರಡರಲ್ಲಿ ಒಂದು ತಪ್ಪು ಅಂದರೆ ಇನ್ನೊಂದು ಸರಿ ಅಂತ ಗೊತ್ತಾಗಬೇಕು ತಾನೇ? ಆದರೂ ಆಮೇಲೆ ಕೇಳಿದಾಗ "ತಪ್ಪು" ಅನ್ನಿಸಿಕೊಂಡವರಿಗೆ ನೆನಪಿದ್ದದ್ದು ಕಮ್ಮಿ. ಸೋತೆ ಅನ್ನೋ ಬೇಸರಕ್ಕೆ ಮನಸ್ಸು ಅಲ್ಲಿಂದ ಜಾರಿಕೊಳ್ಳುತ್ತೆ. ಬೇರೆಯವರ ತಪ್ಪನ್ನು ತೋರಿಸಿದಾಗ ಮಾತ್ರ ಜನ ಚೆನ್ನಾಗಿ ಕಲಿತರು.

ಅದಕ್ಕೇ ನಮ್ಮ ಇನ್‌ಸ್ಪೆಕ್ಷನ್ ಟೇಬಲ್ ಪಕ್ಕ ಸ್ಕ್ರ್ಯಾಪ್ ಆದ ಜಾಬ್‌ಗಳ ಒಂದು ಟ್ರೇ ಇಟ್ಟಿದ್ದೇವೆ. ಯಾರು ಮಾಡಿದ್ದು ಅಂತ ಹೆಸರಿಲ್ಲ. ಏನಾಗಿದೆ, ಯಾಕಾಗಿದೆ ಅಂತ ಒಂದು ಚೀಟಿ ಮಾತ್ರ. ಹೊಸಬರಿಗೆ ಮೊದಲ ವಾರ ಚೀಟಿ ಮುಚ್ಚಿ ಜಾಬ್ ಕೊಡುತ್ತೇನೆ, ಕಾರಣ ಅವರೇ ಹೇಳಬೇಕು. ಕೆಲವು ಕಡೆ ಸ್ಕ್ರ್ಯಾಪ್ ಆದರೆ ಸಂಬಳದಲ್ಲಿ ಹಿಡಿಯುತ್ತಾರೆ. ಅಂಥ ಕಡೆ ಟ್ರೇ ತುಂಬೋದಿಲ್ಲ, ಕೆಟ್ಟ ಜಾಬ್ ಚಿಪ್ಸ್, ಅಂದರೆ ಕಡಿದ ಲೋಹದ ಚೂರು, ರಾಶಿಯ ಅಡಿಗೆ ಹೋಗುತ್ತದೆ. ಮಾಲು ಹಾಳಾಯಿತು, ಯಾರೂ ಏನೂ ಕಲಿಯಲೂ ಇಲ್ಲ.

ಇನ್ನೊಂದು ಥರದ ತಪ್ಪು ಇದೆ, ಅದು ಸದ್ದೇ ಮಾಡೋದಿಲ್ಲ. ಅಲ್ಯೂಮಿನಿಯಂ ಜಾಬ್, 60 ಮಿಲಿಮೀಟರ್ ವ್ಯಾಸ, ಡ್ರಾಯಿಂಗ್‌ನಲ್ಲಿ ಎಚ್6 ಫಿಟ್. ಅಂದರೆ ಒಟ್ಟು ಬಿಟ್ಟಿರೋ ಜಾಗವೇ 19 ಮೈಕ್ರಾನ್, 59.981ರಿಂದ 60.000ರೊಳಗೆ ಇರಬೇಕು. ಹುಡುಗ ಚಕ್‌ನಿಂದ ತೆಗೆದ ಕೂಡಲೇ ಮೈಕ್ರೋಮೀಟರ್ ಹಾಕುತ್ತಾನೆ, 59.990, ಸರಿಯಾಗಿದೆ ಅಂತ ಟಿಕ್ ಹಾಕುತ್ತಾನೆ. ಮಾರನೇ ದಿನ ಬೆಳಿಗ್ಗೆ ಇನ್‌ಸ್ಪೆಕ್ಷನ್‌ನಲ್ಲಿ ಅದೇ ಜಾಬ್ 59.970, ಇಡೀ ಲಾಟ್ ರಿಜೆಕ್ಟ್. ಅಲ್ಯೂಮಿನಿಯಂ ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 15 ಡಿಗ್ರಿ ಬಿಸಿ ಜಾಸ್ತಿ ಇದ್ದರೆ 60 ಮಿಲಿಮೀಟರ್ ಜಾಬ್‌ನಲ್ಲಿ ಹತ್ತಿರ ಹತ್ತಿರ 20 ಮೈಕ್ರಾನ್ ಆಗೇ ಹೋಯಿತು. ಆದರೆ ಹುಡುಗನಿಗೆ ರಿಜೆಕ್ಟ್ ಸುದ್ದಿ ಮುಟ್ಟೋ ಹೊತ್ತಿಗೆ ಒಂದು ರಾತ್ರಿ ಕಳೆದಿದೆ. ಜಾಬ್ ಕೈಗೆ ಬೆಚ್ಚಗಿತ್ತು ಅನ್ನೋದು ಅವನಿಗೆ ನೆನಪೇ ಇಲ್ಲ. "ಮೈಕ್ರೋಮೀಟರ್ ಸರಿ ಇಲ್ಲ ಸರ್" ಅಂತಾನೆ. ಇದೇ ತಪ್ಪನ್ನು ವರ್ಷಗಟ್ಟಲೆ ಮಾಡಿ ಕಾರಣ ಕಂಡುಕೊಳ್ಳದ ಹಳೇ ಆಪರೇಟರ್‌ಗಳೂ ಇದ್ದಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಇಲ್ಲಿ ಕೆಟ್ಟ ಮೇಲೂ ಬುದ್ಧಿ ಬರೋದಿಲ್ಲ. ನಾನು ಮಾಡಿಸೋದು ಇಷ್ಟೇ: ಬಿಸಿ ಇದ್ದಾಗ ಅಳೆದು ಜಾಬ್ ಮೇಲೆ ಮಾರ್ಕರ್‌ನಲ್ಲಿ ಬರಿ, ಸರ್ಫೇಸ್ ಪ್ಲೇಟ್ ಮೇಲಿಟ್ಟು ಟೀ ಕುಡಿದು ಬಾ, ಮತ್ತೆ ಅಳೆ.

ಹಾಗಂತ ಎಲ್ಲವನ್ನೂ ಸಲೀಸು ಮಾಡಿಕೊಡಬೇಕು ಅಂತ ನಾನು ಹೇಳುತ್ತಿಲ್ಲ. ಕಷ್ಟ ಬೇಕು. ಆಫ್‌ಸೆಟ್, ಅಂದರೆ ಅಳತೆ ತಿದ್ದೋಕೆ ಟೂಲ್‌ಗೆ ಹಾಕೋ ಅಂಕಿ, ಕಲಿಸುವಾಗ ನಾನೇ ಬೇಕಂತ ತಪ್ಪು ಅಂಕಿ ಹಾಕಿಟ್ಟು ಕರೆಯುತ್ತೇನೆ. ಹೊರ ವ್ಯಾಸ 0.04 ಜಾಸ್ತಿ ಬಂದಿದೆ, ಎಷ್ಟು ಹಾಕ್ತೀಯಾ? ಸುಮಾರು ಹುಡುಗರು ಒಂದು ಬದಿಗೆ ಇಷ್ಟು ಅಂತ ಅರ್ಧ ಮಾಡಿ ಮೈನಸ್ 0.02 ಅಂತಾರೆ. ನಮ್ಮ ಲೇತ್‌ನಲ್ಲಿ ಎಕ್ಸ್ ವ್ಯಾಸದ ಲೆಕ್ಕದಲ್ಲೇ ಇರುತ್ತೆ, ಆದ್ದರಿಂದ ಮೈನಸ್ 0.04. ಸರಿ ಉತ್ತರ ನಾನು ಹೇಳೋದಿಲ್ಲ. ನೋಟ್‌ಬುಕ್‌ನಲ್ಲಿ ಅಂದಾಜು ಬರೆದು, ತುಂಡು ಬಾರ್ ಮೇಲೆ ಕಡಿದು, ಅವನೇ ಅಳೆದು ನೋಡಲಿ. ಇನ್ನೂ 0.02 ಉಳಿದಿದೆ ಅಂತ ಕಂಡಾಗ ತಲೆ ಕೆರೆದುಕೊಳ್ಳುತ್ತಾನೆ. ಕೆರೆದುಕೊಳ್ಳಲಿ, ಆ ಐದು ನಿಮಿಷ ನಾನು ಬಾಯಿ ಹಾಕೋದಿಲ್ಲ.

ಕೆಲಸ ಬೆರೆಸಿಯೂ ಕೊಡುತ್ತೇನೆ. ಒಂದು ವಾರ ಬರೀ ಹೊರ ವ್ಯಾಸ, ಇನ್ನೊಂದು ವಾರ ಬರೀ ಬೋರ್ (ಒಳಗಿನ ತೂತು) ಅಂತ ಕೊಟ್ಟರೆ ಆ ವಾರ ಕೈ ಸೊಗಸಾಗಿ ಓಡುತ್ತದೆ, ಮುಂದಿನ ತಿಂಗಳು ಮರೆತಿರುತ್ತದೆ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಅನ್ನೋರು ಕೈಚಳಕದ ಅಭ್ಯಾಸದ ಮೇಲೆ ಮಾಡಿದ ಪ್ರಯೋಗದಲ್ಲೂ ಹೀಗೇ ಆಗಿತ್ತು. ಬೆರೆಸಿ ಅಭ್ಯಾಸ ಮಾಡಿದವರು ಆಗ ಹಿಂದೆ ಬಿದ್ದರು, ಹತ್ತು ದಿನ ಬಿಟ್ಟು ನೋಡಿದಾಗ ಅವರೇ ಮುಂದೆ. ಸೂಪರ್‌ವೈಸರ್‌ಗಳಿಗೆ ಇದು ಕಣ್ಣಿಗೆ ಹಿಡಿಸೋದಿಲ್ಲ. ಕಲಿಯೋ ಹುಡುಗ ನಿಧಾನವಾಗಿ ಕಾಣುತ್ತಾನಲ್ಲ.

ಆದರೆ ಮೊದಲ ದಿನವೇ ಬಂದವನನ್ನು ಹೀಗೆ ನೀರಿಗೆ ತಳ್ಳಬೇಡಿ. ಏನೂ ಗೊತ್ತಿಲ್ಲದವನು ಒದ್ದಾಡಿದರೆ ಒದ್ದಾಟಕ್ಕೇ ತಲೆ ಪೂರ್ತಿ ಖರ್ಚಾಗುತ್ತದೆ. ಮೊದಲು ನಾನು ಮಾಡಿ ತೋರಿಸುತ್ತೇನೆ, ಬಾಯಲ್ಲಿ ಹೇಳುತ್ತಾ ಹೇಳುತ್ತಾ. ಆಮೇಲೆ ಅರ್ಧ ನಾನು, ಅರ್ಧ ಅವನು.

ಇನ್ನು ಕೆಲವು ವಿಷಯಕ್ಕೆ ತಪ್ಪು ಮಾಡಿ ಕಲಿ ಅನ್ನೋ ಮಾತೇ ಇಲ್ಲ. ಮ್ಯಾನ್ಯುವಲ್ ಲೇತ್‌ನಲ್ಲಿ ಚಕ್ ಕೀ ಚಕ್‌ನಲ್ಲೇ ಬಿಟ್ಟು ಸ್ಟಾರ್ಟ್ ಮಾಡೋದು, ತಿರುಗೋ ಸ್ಪಿಂಡಲ್ ಹತ್ತಿರ ಗ್ಲೌಸ್ ಹಾಕಿದ ಕೈ, ಸುರುಳಿ ಚಿಪ್ಸನ್ನು ಬೆರಳಲ್ಲಿ ಎಳೆಯೋದು. ಇವನ್ನು ಒಂದೇ ಸಲ ಮಾಡಿದವನಿಗೆ ಎರಡನೇ ಸಲ ಮಾಡೋಕೆ ಬೆರಳೇ ಇರದಿರಬಹುದು. ಇಲ್ಲಿ ಚರ್ಚೆ ಇಲ್ಲ, ಅಂದಾಜು ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡಬೇಕು.

"ನಾವೆಲ್ಲ ಒದೆ ತಿಂದೇ ಕಲಿತಿದ್ದು" ಅನ್ನೋ ಹಳಬರಿಗೆ ನಾನು ಸುಮ್ನೆ ಒಂದು ಕೇಳುತ್ತೇನೆ. ನಿಮ್ಮ ಜೊತೆ ಸೇರಿದ ಹುಡುಗರಲ್ಲಿ ಎಷ್ಟು ಜನ ಇನ್ನೂ ಈ ಲೈನಿನಲ್ಲಿದ್ದಾರೆ? ಒದೆ ತಿಂದು ಬಿಟ್ಟು ಹೋದವರು ಆಟೋ ಓಡಿಸುತ್ತಿದ್ದಾರೋ, ಊರಿಗೆ ವಾಪಸ್ ಹೋದರೋ. ಅವರು ಬಂದು ತಮ್ಮ ಕಥೆ ಹೇಳೋದಿಲ್ಲವಲ್ಲ.

ಮಾಲೀಕರದ್ದು ಬೇರೆ ತಕರಾರು. ಮಷೀನ್ ಗಂಟೆಗೆ ಇಷ್ಟು ಅಂತ ದುಡ್ಡು, ಅದನ್ನು ಹುಡುಗರ ಪ್ರಯೋಗಕ್ಕೆ ಬಿಡೋದಾ ಅಂತಾರೆ. ತಪ್ಪಲ್ಲ, ಅವರ ಲೆಕ್ಕ ಅವರಿಗೆ. ಶನಿವಾರ ಮಧ್ಯಾಹ್ನ ಹಳೇ ಮಷೀನು, ತುಂಡು ಬಾರ್‌ಗಳು, ಒಮ್ಮೆ ಸವೆದ ಇನ್ಸರ್ಟ್‌ಗಳು, ಇಷ್ಟಕ್ಕೆ ಒಪ್ಪಿಸಿದ್ದೇನೆ. ಜಾಬನ್ನು ಬಾರ್‌ನಿಂದ ಕತ್ತರಿಸಿ ಬೇರೆ ಮಾಡೋ ಪಾರ್ಟಿಂಗ್ ಟೂಲನ್ನು ಮಾತ್ರ ಆ ಶನಿವಾರದ ಪಟ್ಟಿಗೆ ಇನ್ನೂ ಸೇರಿಸಿಲ್ಲ. ಸೆಂಟರ್ ಹೈಟ್, ಅಂದರೆ ಜಾಬ್‌ನ ನಡುಮಧ್ಯಕ್ಕೆ ಟೂಲ್ ತುದಿ ಕೂರೋ ಎತ್ತರ, ಸ್ವಲ್ಪ ಆಚೀಚೆ ಆದರೂ ಅದು ಮುರಿಯುತ್ತೆ, ಚಿಪ್ಸ್ ಸಿಕ್ಕಿಕೊಂಡರೂ ಮುರಿಯುತ್ತೆ, ಫೀಡ್ (ಟೂಲ್ ಒಳಗೆ ಹೋಗೋ ವೇಗ) ಜಾಸ್ತಿಯಾದರೂ ಮುರಿಯುತ್ತೆ. ಮುರಿದದ್ದನ್ನು ನೋಡಿ ಇದರಲ್ಲಿ ಯಾವುದರಿಂದ ಅಂತ ಹೊಸ ಹುಡುಗ ಹೇಳೋಕಾಗಲ್ಲ. ಅದನ್ನು ಈಗಲೂ ಪಕ್ಕದಲ್ಲೇ ನಿಂತು, ಒಂದೊಂದಾಗಿ ತೋರಿಸಿಯೇ ಕಲಿಸುತ್ತಿದ್ದೇನೆ.