ಹಲಸಿನ ಪೊಟರೆಯಲ್ಲಿ ಸಿಕ್ಕ ಪೊರೆ

ಮೂಡಿಗೆರೆಯ ನಮ್ಮ ಕಾಫಿ ತೋಟದಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ, ಹಳೆಯ ಹಲಸಿನ ಮರದ ಪೊಟರೆಯ ಬಾಯಲ್ಲಿ ಟಾರಂಟುಲಾ ಜೇಡವೊಂದು ಕಳಚಿಟ್ಟ ಪೊರೆ ಸಿಕ್ಕಿತು. ಅದರ ಹೊಟ್ಟೆಯ ಭಾಗವನ್ನು ನೀರಿನಲ್ಲಿ ನೆನೆಸಿ, ಹರಿಯದಂತೆ ಬಿಡಿಸಿ, ಭೂತಗನ್ನಡಿಯ ಅಡಿಯಲ್ಲಿ ನೋಡಿದಾಗ ಗಂಡಿನ ವೀರ್ಯವನ್ನು ಕೂಡಿಟ್ಟುಕೊಳ್ಳುವ ಪುಟ್ಟ ಚೀಲ ಕಾಣಿಸಿತು. ಹೆಣ್ಣೆಂದು ಖಚಿತವಾದ ಮೇಲೆ ದಿನಾಂಕ, ಮರದ ಜಾತಿ ಮತ್ತು ಪೊಟರೆಯ ಎತ್ತರವನ್ನು ನನ್ನ ಪಟ್ಟಿಯಲ್ಲಿ ಬರೆದುಕೊಂಡೆ.

ಮರವಾಸಿಗಳಾದ ಪೊಯಿಸಿಲೋಥೀರಿಯಾ ಕುಲದ ಟಾರಂಟುಲಾ ಜೇಡಗಳಲ್ಲಿ ಹೆಣ್ಣು ಹತ್ತು ವರ್ಷ ಮೀರಿ ಬದುಕಬಲ್ಲದು. ಗಂಡಾದರೋ ಪ್ರೌಢವಾದ ಬಳಿಕ ಸಂಗಾತಿಯನ್ನು ಅರಸುತ್ತ ಅಲೆದು ಬೇಗನೆ ಸಾಯುತ್ತದೆ. 1895ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ ವಿವರಿಸಿದ, ಇದೇ ಕುಲದ ಸ್ಟ್ರಿಯಾಟಾ ಪ್ರಭೇದವನ್ನು ವಿದೇಶಿ ಹವ್ಯಾಸಿಗಳು ಮೈಸೂರಿನ ಹೆಸರಿನಲ್ಲೇ ಕರೆದು, ಗಾಜಿನ ಪೆಟ್ಟಿಗೆಗಳಲ್ಲಿ ಮರಿ ಮಾಡಿಸುತ್ತಾರೆ. ಈ ಕುಲದ ಅಂತರರಾಷ್ಟ್ರೀಯ ವ್ಯಾಪಾರವು 2019ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದ್ದು ನನಗೆ ಸಮಾಧಾನ ತಂದ ಸಂಗತಿ. ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗಳಿಂದ ಕಾಡಿನ ಜೇಡಗಳನ್ನು ಹಿಡಿಯುವುದು ಕಡಿಮೆಯಾಗಬಹುದಾದರೂ, ಪೊಟರೆಯಿರುವ ಮುದಿ ಮರ ಉಳಿಯದಿದ್ದರೆ ಅವು ಮರಳಿ ಬಾಳುವುದಾದರೂ ಎಲ್ಲಿ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಈ ವರ್ಷ ಮರಗಸಿಗೆ ಬರುವವರಿಗೆ ಆ ಹಲಸಿನ ಒಂದು ಕೊಂಬೆಯನ್ನೂ ಮುಟ್ಟಬಾರದೆಂದು ಈಗಲೇ ಹೇಳಿಟ್ಟಿದ್ದೇನೆ.