ಹೃದಯದ ಆಪರೇಷನ್ ಆದ ಮಗುವನ್ನು ಓಡಲು ಬಿಡಬಹುದೇ?

ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳ ತಂದೆತಾಯಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಆಪರೇಷನ್ ಆಗಿದೆ, ಮಗು ಚೆನ್ನಾಗಿದೆ, ಆದರೆ ಓರಗೆಯ ಮಕ್ಕಳ ಜೊತೆ ಓಡಿ ಆಡಲು ಬಿಡಬಹುದೇ? ಬಹುಪಾಲು ಮಕ್ಕಳನ್ನು ಬಿಡಬಹುದು, ಬಿಡಲೇಬೇಕು ಎಂಬುದು ನನ್ನ ಉತ್ತರ. ಎಷ್ಟರ ಮಟ್ಟಿಗೆ ಎಂಬುದನ್ನು ಮಾತ್ರ ಆಯಾ ಮಗುವಿನ ಹೃದಯವನ್ನು ಪರೀಕ್ಷಿಸಿಯೇ ಹೇಳಬೇಕಾಗುತ್ತದೆ.

ಸುಮಾರು ನೂರು ಶಿಶುಗಳಲ್ಲಿ ಒಂದಕ್ಕೆ ಇಂಥ ದೋಷವಿರುತ್ತದೆ, ಆದರೆ ಆ ಒಂದೇ ಹೆಸರಿನಡಿ ಬರುವ ಹೃದಯಗಳು ಒಂದರಂತೆ ಒಂದಿರುವುದಿಲ್ಲ. ಹೃದಯದ ಮೇಲಿನ ಕೋಣೆಗಳ ನಡುವಿನ ರಂಧ್ರವನ್ನು ಚಿಕ್ಕಂದಿನಲ್ಲೇ ಮುಚ್ಚಿದ್ದು, ಶ್ವಾಸಕೋಶದ ರಕ್ತದೊತ್ತಡ ಸಹಜವಾಗಿದ್ದರೆ, ಆ ಮಗು ಸಾಮಾನ್ಯವಾಗಿ ಉಳಿದವರಷ್ಟೇ ಓಡಬಲ್ಲದು. ಟೆಟ್ರಾಲಜಿ ಆಫ್ ಫ್ಯಾಲೋ ಎಂಬ, ನಾಲ್ಕು ದೋಷಗಳು ಒಟ್ಟಿಗಿರುವ ಸ್ಥಿತಿಯನ್ನು ಸರಿಪಡಿಸಿದ ಮಕ್ಕಳಲ್ಲಿ ಶ್ವಾಸಕೋಶದತ್ತ ರಕ್ತ ಬಿಡುವ ಪಲ್ಮನರಿ ಕವಾಟ ಸೋರುತ್ತಾ, ವರ್ಷಗಳು ಕಳೆದಂತೆ ಬಲ ಹೃತ್ಕುಕ್ಷಿ (ರಕ್ತವನ್ನು ಹೊರಕ್ಕೆ ದೂಡುವ ಕೆಳಗಿನ ಕೋಣೆ) ಹಿಗ್ಗುವುದುಂಟು; ಅಂಥವರಿಗೆ ಏದುಸಿರು ಬೇಗ ಬರಬಹುದು.

ಒಂದೇ ಹೃತ್ಕುಕ್ಷಿಯನ್ನು ನಂಬಿ ಬದುಕುವ ಮಕ್ಕಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫ್ರಾನ್ಸಿನ ಶಸ್ತ್ರವೈದ್ಯ ಫ್ರಾನ್ಸಿಸ್ ಫಾಂಟಾನ್ 1971ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯಿಂದ ಬೆಳೆದುಬಂದ ಇಂದಿನ ವಿಧಾನದಲ್ಲಿ, ದೇಹದಿಂದ ಮರಳುವ ಅಶುದ್ಧ ರಕ್ತವು ನಡುವೆ ಯಾವ ಪಂಪಿನ ನೆರವೂ ಇಲ್ಲದೆ ನೇರವಾಗಿ ಶ್ವಾಸಕೋಶಕ್ಕೆ ಹರಿಯುತ್ತದೆ. ಓಡುವಾಗ ಹೃದಯ ಎಷ್ಟೇ ಬಲವಾಗಿ ಮಿಡಿದರೂ ಶ್ವಾಸಕೋಶದ ಮೂಲಕ ಬಂದು ತಲುಪಿದಷ್ಟು ರಕ್ತವನ್ನು ಮಾತ್ರ ಅದು ಹೊರಕ್ಕೆ ದೂಡಬಲ್ಲದು. ಜೊತೆಗೆ ಅನೇಕರಲ್ಲಿ ಮಿಡಿತದ ವೇಗವೂ ಬೇಕಾದಷ್ಟು ಏರುವುದಿಲ್ಲ. ಹಾಗಾಗಿ ಪರಮಾವಧಿ ಶ್ರಮದಲ್ಲಿ ಇವರು ಬಳಸುವ ಆಮ್ಲಜನಕದ ಪ್ರಮಾಣವು ಸರಾಸರಿಯಲ್ಲಿ ಆರೋಗ್ಯವಂತ ಮಕ್ಕಳದರ ಶೇ. 60–65ರ ಆಸುಪಾಸಿನಲ್ಲಿರುತ್ತದೆ. ಆದರೆ ಇದೇ ಮಕ್ಕಳಲ್ಲಿ ಕಾಲಿನ ಸ್ನಾಯುಗಳು ಬಿಗಿದಾಗಲೆಲ್ಲ ರಕ್ತನಾಳಗಳು ಹಿಂಡಲ್ಪಟ್ಟು ರಕ್ತ ಮೇಲಕ್ಕೇರುತ್ತದೆ, ಒಳಕ್ಕೆಳೆದ ಪ್ರತಿ ಉಸಿರೂ ಅದನ್ನು ಎದೆಯತ್ತ ಸೆಳೆಯುತ್ತದೆ. ಪಂಪಿಲ್ಲದ ಕಡೆ ಕಾಲುಗಳೇ ಅರ್ಧ ಪಂಪಾಗುತ್ತವೆ ಎಂದಾದರೆ, ಆ ಕಾಲುಗಳನ್ನು ಸೊರಗಲು ಬಿಡುವುದು ಮಗುವಿಗೆ ಎಷ್ಟು ದೊಡ್ಡ ನಷ್ಟವೆಂದು ಯೋಚಿಸಿ.

ಆಟದಿಂದ ದೂರವಿಟ್ಟು ಬೆಳೆಸಿದ ಯಾವ ಮಗುವೂ ಬೇಗ ದಣಿಯುತ್ತದೆ. ಹೃದಯದೋಷವಿದ್ದರೆ ಆ ದಣಿವನ್ನೂ ಹೃದಯದ ಲೆಕ್ಕಕ್ಕೇ ಸೇರಿಸಿ ಆಟವನ್ನು ಇನ್ನಷ್ಟು ಕಡಿಮೆ ಮಾಡಲಾಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಲು ಮುಖಕ್ಕೆ ಮಾಸ್ಕ್ ಕಟ್ಟಿ, ಟ್ರೆಡ್‌ಮಿಲ್ ಅಥವಾ ಸೈಕಲ್ ಮೇಲೆ ಉಸಿರು, ಇಸಿಜಿ, ರಕ್ತದೊತ್ತಡ, ಆಮ್ಲಜನಕದ ಮಟ್ಟಗಳನ್ನು ಒಟ್ಟಿಗೆ ಅಳೆಯುವ ಪರೀಕ್ಷೆಯಿದೆ. ಮಲಗಿಸಿ ಮಾಡುವ ಎಕೋ (ಹೃದಯದ ಅಲ್ಟ್ರಾಸೌಂಡ್) ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲಾರದು.

ನಿರ್ಬಂಧ ಬೇಕಾದವರೂ ಇದ್ದಾರೆ. ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿರುವವರು, ಮಿಡಿತದ ಏರುಪೇರು ಹತೋಟಿಗೆ ಬಾರದವರು ತೀವ್ರ ಸ್ಪರ್ಧೆಯಿಂದ ದೂರವಿರಬೇಕು. ಮಹಾಪಧಮನಿ ಹಿಗ್ಗಿರುವವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರಿಗೆ ಮೈಗೆ ಮೈ ಡಿಕ್ಕಿಯಾಗುವ ಆಟಗಳು ಬೇಡ. ಓಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಆಟ ಅಲ್ಲಿಗೇ ನಿಲ್ಲಬೇಕು, ವೈದ್ಯರು ನೋಡುವವರೆಗೆ ಮತ್ತೆ ಶುರುವಾಗಬಾರದು.

ಇನ್ನು ಬದುಕಿನ ಗುಣಮಟ್ಟದ ಮಾತು. ಅದನ್ನು ಅಳೆಯುವ ಪ್ರಶ್ನಾವಳಿಗಳನ್ನು ಮಗುವಿಗೂ ಹೆತ್ತವರಿಗೂ ಬೇರೆ ಬೇರೆಯಾಗಿ ಕೊಟ್ಟಾಗ, ಮಗು ತನ್ನ ಬದುಕಿಗೆ ಕೊಡುವ ಅಂಕಕ್ಕಿಂತ ಹೆತ್ತವರು ಕೊಡುವ ಅಂಕ ಅನೇಕ ಸಲ ಕಡಿಮೆಯಿರುತ್ತದೆ. ಆಪರೇಷನ್ ಕೋಣೆಯ ಹೊರಗೆ ಕಾದವರ ಆತಂಕ ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ, ಅದನ್ನು ನಾನು ಗೌರವಿಸುತ್ತೇನೆ. ಆದರೂ ಮಗುವನ್ನೇ ಕೇಳಿ ಎಂದು ಹಠ ಹಿಡಿಯುತ್ತೇನೆ, ಏಕೆಂದರೆ ಓಟದಲ್ಲಿ ಕೊನೆಯವನಾಗುವುದಕ್ಕಿಂತ ಬೆಂಚಿನ ಮೇಲೆ ಒಂಟಿಯಾಗಿ ಕೂರುವುದೇ ಮಗುವಿಗೆ ಹೆಚ್ಚು ನೋಯುತ್ತದೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿರ್ದಿಷ್ಟ ಅಡ್ಡಿಯಿಲ್ಲದಿದ್ದರೆ ನಮ್ಮ ಮಕ್ಕಳ ಗುರಿಯೂ ಅದೇ ಆಗಿರಲಿ. ಬೇಕಾದಾಗ ನಿಂತು ಸುಧಾರಿಸಿಕೊಳ್ಳುವ ಸ್ವಾತಂತ್ರ್ಯ ಮಗುವಿಗಿರಲಿ. ಮುಂದಿನ ಭೇಟಿಯಲ್ಲಿ ಹೃದ್ರೋಗ ತಜ್ಞರಿಂದ ಶಾಲೆಗೊಂದು ಪತ್ರ ಬರೆಸಿಕೊಳ್ಳಿ. ಅದರಲ್ಲಿ ಮಾಡಬಾರದ್ದರ ಜೊತೆಗೆ ಮಾಡಬಹುದಾದ ಆಟಗಳ ಹೆಸರೂ, ಮುಂದಿನ ಪರೀಕ್ಷೆ ಯಾವಾಗ ಎಂಬುದೂ ಇರಲಿ, ಏಕೆಂದರೆ ಬರೀ ‘ಜೋಪಾನ’ ಎಂದು ಬರೆದ ಪತ್ರ ಓದಿದ ಶಿಕ್ಷಕರು ಮಗುವನ್ನು ಕೂರಿಸಿಯೇ ಬಿಡುತ್ತಾರೆ.